ಹಾರ ಹಾಕಿಸಿಕೊಂಡು ಬಂದ ತಮಟೆ

ಮೈಸೂರಿನ ಅಶೋಕಪುರಂನ ಪುಟ್ಟಮಾದಯ್ಯನವರಿಗೆ ಬೈಗುಳ ಕೇಳಿದರೆ ಅಷ್ಟಾಗಿ ಸಿಟ್ಟು ಬರುತ್ತಿರಲಿಲ್ಲ. 'ಪರಂಪರೆ' ಎಂಬ ಮಾತು ಕೇಳಿದರೆ ಬರುತ್ತಿತ್ತು. ಹಸಿದವನೂ ಬೈಯುತ್ತಾನೆ, ಉಂಡವನೂ ಬೈಯುತ್ತಾನೆ. ಪರಂಪರೆ ಎನ್ನುವವನನ್ನು ಮಾತ್ರ ಅವರು ಹಸಿದ ಹೊಟ್ಟೆಯಲ್ಲಿ ಕಂಡಿರಲಿಲ್ಲ. ವರ್ಕ್‌ಶಾಪಿನಲ್ಲಿ ಫಿಟ್ಟರಾಗಿ ದುಡಿದು ನಿವೃತ್ತರಾದ ಮನುಷ್ಯ. ಕಬ್ಬಿಣ ನೋಡಿ ನೋಡಿ ಮನುಷ್ಯರನ್ನೂ ಹಾಗೇ ನೋಡುವ ಅಭ್ಯಾಸ ಬಂದುಬಿಟ್ಟಿತ್ತು: ಎಲ್ಲಿ ತುಕ್ಕು, ಎಲ್ಲಿ ಬರೀ ಬಣ್ಣ. ಆಯುಧಪೂಜೆಯ ದಿನ ದೊಡ್ಡವರು ಬಂದು ಲೇತ್ ಮಿಷನ್ನಿಗೆ ಕುಂಕುಮ ಹಚ್ಚಿ ಕೈಮುಗಿದರೆ, ಮಿಷನ್ನಿಗೆ ಬೇಕಾದ್ದು ಎಣ್ಣೆ, ಕುಂಕುಮವಲ್ಲ ಎಂದು ಹಿಂದೆ ನಿಂತು ಎಲ್ಲರಿಗೂ ಕೇಳುವಂತೆ ಗೊಣಗುತ್ತಿದ್ದರು. ಆ ಬಾಯಿಗೆ ಹೆಂಡತಿ ಭಾಗ್ಯಮ್ಮನೂ ಹೆದರುತ್ತಿದ್ದರು.

ಬಾಯಿ ಹಾಗಾದದ್ದಕ್ಕೆ ಕಾರಣವಿತ್ತು. ಅವರ ತಂದೆ ಕರಿಮಾದಯ್ಯ ತಮಟೆ ಬಡಿಯುತ್ತಿದ್ದವರು. ಬಡಿಯುವುದು ಅವರಿಗೆ ಇಷ್ಟವೋ ಅಲ್ಲವೋ ಯಾರೂ ಕೇಳಿರಲಿಲ್ಲ. ಆ ಕೇರಿಯಲ್ಲಿ ಹುಟ್ಟಿದ ಮೇಲೆ ಬಡಿಯಬೇಕು, ಅಷ್ಟೆ. ಊರಿನಲ್ಲಿ ಸಾವಾದರೆ ಒಬ್ಬ ಬಂದು ಕೇರಿಯ ಬಾಯಲ್ಲಿ ನಿಂತು ಕೂಗುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಹುಲ್ಲು ಉರಿಸಿ ತಮಟೆ ಕಾಯಿಸಿಕೊಂಡು ಹೋಗಬೇಕು, ಹೆಣದ ಮುಂದೆ ಸುಡುಗಾಡಿನವರೆಗೆ ಬಡಿಯಬೇಕು, ಆಮೇಲೆ ಹಿತ್ತಲಲ್ಲಿ ಕೂತು ಮಿಕ್ಕಿದ್ದನ್ನು ಉಣ್ಣಬೇಕು. ಕಾಸನ್ನು ಕೈಗೆ ಕೊಡುತ್ತಿರಲಿಲ್ಲ, ನೆಲಕ್ಕೆ ಹಾಕುತ್ತಿದ್ದರು. ಪುಟ್ಟಮಾದಯ್ಯನವರ ಹರೆಯದಲ್ಲಿ ಕೇರಿಯ ಹುಡುಗರೆಲ್ಲ ಬಾಬಾಸಾಹೇಬರ ಪಟದ ಮುಂದೆ ನಿಂತು, ಇನ್ನು ನಮ್ಮಲ್ಲಿ ಯಾರೂ ಯಾರ ಬಾಗಿಲಲ್ಲೂ ತಮಟೆ ಬಡಿಯಕೂಡದು ಎಂದು ಪ್ರತಿಜ್ಞೆ ಮಾಡಿದರು. ಪುಟ್ಟಮಾದಯ್ಯ ಮನೆಗೆ ಬಂದವರೇ ಗೋಡೆಗೆ ತೂಗುಹಾಕಿದ್ದ ಅಪ್ಪನ ತಮಟೆಯನ್ನು ಇಳಿಸಿ ಮಚ್ಚಿನಲ್ಲಿ ಚರ್ಮ ಸೀಳಿದರು. ಕರಿಮಾದಯ್ಯ ಬೈಯಲಿಲ್ಲ, ಹೊಡೆಯಲಿಲ್ಲ. ಉಳಿದ ಮರದ ಬಳೆಯನ್ನು ತಾವೇ ಮುರಿದು ಒಲೆಗೆ ಹಾಕಿದರು. ಮುಂದೆ ಅವರು ತೀರಿಕೊಂಡಾಗ ಆ ಕೇರಿಯಿಂದ ತಮಟೆಯಿಲ್ಲದೆ ಹೊರಟ ಮೊದಲ ಹೆಣ ಅವರದೇ ಆಯಿತು. ನೆಂಟರು, ಇವನೆಂಥ ಮಗ, ಹೆತ್ತಪ್ಪನನ್ನು ಮೂಗನ ಹಾಗೆ ಕಳಿಸಿದ ಎಂದು ಆಡಿಕೊಂಡರು. ಪುಟ್ಟಮಾದಯ್ಯ ಹೆಣದ ಮುಂದೆ ನಡೆದರು.

ಇಂಥವರ ಮಗಳು ಗೌತಮಿ. ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಒಂದೇ ಕೂಸು. ಅಪ್ಪನ ಎತ್ತರ, ಅಪ್ಪನ ತೋಳು ಬಂದಿದ್ದವು. ಅಪ್ಪನ ನಾಲಿಗೆ ಬಂದಿರಲಿಲ್ಲ. ಎಲ್ಲರಲ್ಲೂ ಏನಾದರೊಂದು ಒಳ್ಳೆಯದು ಹುಡುಕುವ ಹುಡುಗಿ. ಬಸ್ಸಿನ ಕಂಡಕ್ಟರ್ ರೇಗಿದರೆ, ಪಾಪ ಬೆಳಗ್ಗೆಯಿಂದ ನಿಂತೇ ಇದ್ದಾನೆ ಎನ್ನುತ್ತಿದ್ದಳು. ಪುಟ್ಟಮಾದಯ್ಯ ಅದನ್ನು ಕೇಳಿ ನಗುತ್ತಿದ್ದರು, ಒಳಗೊಳಗೇ ಹಿಗ್ಗುತ್ತಲೂ ಇದ್ದರು. ತಾನು ಉಂಡ ಕಹಿ ಕೂಸಿಗೆ ತಟ್ಟಲಿಲ್ಲವಲ್ಲ ಎಂದು. ಎರಡು ಸಾವಿರದ ಐದನೇ ಇಸವಿಯಲ್ಲಿ ಅವಳು ಬಿ.ಎ. ಓದುತ್ತಿದ್ದಳು. ಒಂದು ಭಾನುವಾರ, ಲಕ್ಷ್ಮೀಪುರಂನಲ್ಲಿ ಜಪಾನಿ ನಗಾರಿ ಹೇಳಿಕೊಡುತ್ತಾರೆ, ಹೋದ ತಿಂಗಳಿಂದ ಹೋಗುತ್ತಿದ್ದೇನೆ ಎಂದು ಮೆಲ್ಲಗೆ ಬಾಯಿಬಿಟ್ಟಳು.

ಈ ಜಪಾನಿ ನಗಾರಿಯ ಕತೆಯೇ ಒಂದು ತಮಾಷೆ. ಹೆಬ್ಬಾಳದಲ್ಲಿ ಹೊಸದಾಗಿ ಎದ್ದ ಒಂದು ಜಪಾನಿ ಕಾರ್ಖಾನೆಯವರಿಗೆ ಊರಿನಲ್ಲಿ ಒಳ್ಳೆಯ ಹೆಸರು ಬೇಕಾಗಿತ್ತು. ಲಕ್ಷ್ಮೀಪುರಂನ ಅನಂತಪದ್ಮನಾಭನಿಗೆ ಒಂದು ಸಮಿತಿ ಬೇಕಾಗಿತ್ತು. ಆಡು ಮುಟ್ಟದ ಸೊಪ್ಪಿಲ್ಲ, ಅನಂತಪದ್ಮನಾಭ ಮಾತಾಡದ ಸಭೆಯಿಲ್ಲ. ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಅಜ್ಜ ಅರಮನೆಯಲ್ಲಿ ಗುಮಾಸ್ತನಾಗಿದ್ದ, ಆತನ ಪೇಟ ಇಂದಿಗೂ ಹಜಾರದ ಗಾಜಿನ ಪೆಟ್ಟಿಗೆಯಲ್ಲಿದೆ, ಬಂದವರೆಲ್ಲ ಅದನ್ನು ನೋಡಿ ಹೌದಾ ಎನ್ನಬೇಕು. ಊರೆಲ್ಲ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತದೆ. ಇಲ್ಲೊಂದು ಕಡೆಯಾದರೂ ಏಕವಚನ ಇರಲಿ. ಕಾರ್ಖಾನೆ ನಗಾರಿಗಳನ್ನು ಹಡಗಿನಲ್ಲಿ ತರಿಸಿಕೊಟ್ಟಿತು. ಅಲ್ಲಿನ ಒಬ್ಬ ಎಂಜಿನಿಯರನ ಹೆಂಡತಿ, ಕಜುಯೊ ಎಂಬಾಕೆ, ಕಲಿಸಲು ಒಪ್ಪಿದಳು. ದಸರಾ ಹೊತ್ತಿಗೆ ಮೈಸೂರಿನ ಪರಂಪರೆಯನ್ನು ಜಪಾನಿ ನಗಾರಿಯಲ್ಲಿ ಬಾರಿಸಿ ತೋರಿಸುವುದೆಂದು ತೀರ್ಮಾನವಾಯಿತು. ಮೈಸೂರಿನ ಪರಂಪರೆಗೆ ಜಪಾನಿನ ನಗಾರಿ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅನಂತಪದ್ಮನಾಭ ಒಂದು ಗಂಟೆ ಮಾತಾಡುತ್ತಿದ್ದ, ಅದಕ್ಕೇ ಕೇಳಲಿಲ್ಲವೋ ಏನೋ.

ಮಗಳ ಮಾತು ಕೇಳಿ ಪುಟ್ಟಮಾದಯ್ಯ ಊಟದ ತಟ್ಟೆ ಸರಿಸಿ ಎದ್ದರು. ಈ ಮನೆಯ ಕೈ ಇನ್ನೊಬ್ಬರ ಬಾಗಿಲಲ್ಲಿ ಚರ್ಮ ಬಡಿಯಕೂಡದೆಂದು ತಾನು ಹೆತ್ತಪ್ಪನ ಎದೆಯನ್ನೇ ಸೀಳಿದ್ದೇನೆ, ಇವಳು ತಾನಾಗಿ ಹೋಗಿ ಕೋಲು ಹಿಡಿದಿದ್ದಾಳೆ. ಮಗಳನ್ನು ಕೈಹಿಡಿದು ಎಳೆದುಕೊಂಡು ಬರುವುದೆಂದೇ ಮುಂದಿನ ಭಾನುವಾರ ಅವಳ ಹಿಂದೆ ಲಕ್ಷ್ಮೀಪುರಂನ ಕಲ್ಯಾಣಮಂಟಪಕ್ಕೆ ಹೋದರು. ಹೋಗಿ ನೋಡಿದರೆ, ಡಾಕ್ಟರರ ಮಕ್ಕಳು, ವಕೀಲರ ಮಕ್ಕಳು ತಲೆಗೆ ಬಿಳಿ ಪಟ್ಟಿ ಕಟ್ಟಿಕೊಂಡು, ಕಾಲು ಅಗಲಿಸಿ ನಿಂತು, ಹೋಯ್ ಎಂದು ಕೂಗುತ್ತ ಬಡಿಯುತ್ತಿದ್ದಾರೆ. ನಡುವೆ ನೀರೊಲೆಯ ಹಂಡೆಗಿಂತ ದೊಡ್ಡ ನಗಾರಿಯೊಂದು ಮರದ ಪೀಠದ ಮೇಲೆ ಕೂತಿದೆ. ಅನಂತಪದ್ಮನಾಭನ ಹೆಂಡತಿ ರಮಾಮಣಿ, ತಮಟೆ ಬೀದಿಗೆ ಬಂದರೆ ಕಿಟಕಿ ಮುಚ್ಚಿಕೊಂಡು ಬೆಳೆದ ಮನೆಯಾಕೆ, ಆ ನಗಾರಿಯ ಮುಖಕ್ಕೆ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗುತ್ತಿದ್ದಾಳೆ. ಪುಟ್ಟಮಾದಯ್ಯ ಹತ್ತಿರ ಹೋಗಿ ಚರ್ಮದ ಅಂಚು ಮುಟ್ಟಿ ನೋಡಿದರು. ದನದ್ದು. ಅವರಿಗೆ ಎಂಥ ನಗು ಬಂತೆಂದರೆ, ಹೊರಗೆ ಹೋಗಿ ಕಾಂಪೌಂಡ್ ಗೋಡೆ ಹಿಡಿದು ನಕ್ಕರು. ಮಗಳನ್ನು ಎಳೆದುಕೊಂಡು ಹೋಗಬೇಕೆಂಬುದೇ ಮರೆತುಹೋಯಿತು.

ಒಳಗೆ ಬಂದಾಗ ಗೌತಮಿ ದೊಡ್ಡ ನಗಾರಿಯ ಮುಂದೆ ನಿಂತಿದ್ದಳು. ಕಜುಯೊ ಎಲ್ಲರನ್ನೂ ಒಂದೊಂದು ಸಲ ಅದರ ಮುಂದೆ ನಿಲ್ಲಿಸಿ ನೋಡಿದ್ದಳಂತೆ. ಅನಂತಪದ್ಮನಾಭನ ಮಗ ಸಮರ್ಥ ನಾಲ್ಕು ಏಟು ಹೊಡೆದು, ಕೋಲು ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೌತಮಿ ಎರಡೂ ಕೋಲನ್ನು ತಲೆಯ ಮೇಲಿಂದ ಇಳಿಸಿದಾಗ ಮಂಟಪದ ಗಾಜುಗಳು ಅದುರಿದವು, ಅಡಿಗೆಯವನು ಹಿಂದಿನಿಂದ ಓಡಿಬಂದು ನೋಡಿದ. ದೊಡ್ಡದು ಇವಳಿಗೇ ಎಂದಳು ಕಜುಯೊ. ಪುಟ್ಟಮಾದಯ್ಯ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ಮನೆಗೆ ಬರುವ ದಾರಿಯಲ್ಲಿ, ಆಡಿಕೊಂಡು ನಗೋದಕ್ಕೆ ಇಂಥ ಜಾಗ ಊರಲ್ಲೇ ಇಲ್ಲ, ನಾನೂ ಪ್ರತಿ ವಾರ ಬರುತ್ತೇನೆ ಎಂದರು. ಅದು ಒಪ್ಪಿಗೆ ಎಂದು ಗೌತಮಿಗೆ ಗೊತ್ತಾಯಿತು.

ಪ್ರತಿ ಭಾನುವಾರ ಹೋದರು. ಪೇಪರ್ ಹರಡಿಕೊಂಡು ಕೂತು, ಮಗಳು ಬಡಿಯುವಾಗ ಮಾತ್ರ ಅದನ್ನು ಮಡಚುತ್ತಿದ್ದರು. ಈ ನಗಾರಿಗೆ ಸಾವಿನ ಮನೆಯ ದಾರಿ ಗೊತ್ತಿಲ್ಲ, ಹಿತ್ತಲು ಗೊತ್ತಿಲ್ಲ. ವೇದಿಕೆಯ ನಡುವೆ, ತಲೆ ಎತ್ತಿ ನಿಂತು, ಜನ ಕೆಳಗೆ ಕೂತು ನೋಡುವಂತೆ ತನ್ನ ಕೂಸು ಅದನ್ನು ಬಡಿಯಬೇಕು. ಇಷ್ಟು ಆಸೆ ಆ ಮನುಷ್ಯನಿಗೆ ಯಾವುದರ ಮೇಲೂ ಹುಟ್ಟಿರಲಿಲ್ಲ. ಆಸೆ ಹುಟ್ಟಿದ್ದಕ್ಕೆ ತನ್ನ ಮೇಲೇ ತಾತ್ಸಾರವೂ ಹುಟ್ಟಿತು. ಆದರೆ ಭಾನುವಾರ ತಪ್ಪಿಸಲಿಲ್ಲ.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಕಜುಯೊ ನಗಾರಿಗೆ ಬಟ್ಟೆ ಸುತ್ತುತ್ತಿದ್ದಳು. ನಿಮ್ಮ ದೇಶದಲ್ಲಿ ಈ ಚರ್ಮ ಹದ ಮಾಡುವವರು ಯಾರು ಎಂದು ಕೇಳು ಅಂತ ಪುಟ್ಟಮಾದಯ್ಯ ಮಗಳಿಗೆ ಹೇಳಿದರು. ಸುಮ್ಮನೆ, ಕಸುಬಿನ ಕುತೂಹಲಕ್ಕೆ. ಕಜುಯೊಳ ಕೈ ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿ, ಅರ್ಧ ಇಂಗ್ಲಿಷು, ಗೌತಮಿಯಿಂದಲೇ ಕಲಿತ ಅರ್ಧ ಕನ್ನಡದಲ್ಲಿ ಹೇಳಿದಳು. ಅದಕ್ಕೆ ಬೇರೆಯೇ ಜನ ಇದ್ದರಂತೆ, ಅವರಿಗೆ ಬೇರೆಯೇ ಬೀದಿಯಂತೆ. ಕಾನೂನು ಬದಲಾದರೂ ಮದುವೆ ಮಾತು ಬಂದಾಗ ಜನ ಇಂದಿಗೂ ಹಿಂದೆಮುಂದೆ ವಿಚಾರಿಸುತ್ತಾರಂತೆ. ತನ್ನ ಅಜ್ಜ ಆ ಬೀದಿಯವನು. ಗಂಡನಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ, ಕಾರ್ಖಾನೆಯ ಬೇರೆ ಯಾವ ಸಂಸಾರಕ್ಕೂ ಗೊತ್ತಿಲ್ಲ. ಯಾರಿಗೂ ಹೇಳಬೇಡಿ ಎಂದು ಪುಟ್ಟಮಾದಯ್ಯನವರಿಗೆ ತಲೆಬಾಗಿ ಬೇಡಿಕೊಂಡಳು. ಅವರು ಇಲ್ಲವೆಂದು ಕೈಯಾಡಿಸಿದರು. ರಾತ್ರಿ ಊಟಕ್ಕೆ ಕೂತಾಗ, ಸಮುದ್ರ ದಾಟಿ ಹೋದರೂ ಅದೇ ಕೇರಿ ಕಣೇ ಎಂದು ಭಾಗ್ಯಮ್ಮನಿಗೆ ಹೇಳಿದರು. ಯಾರ ವಿಷಯ ಎಂದು ಆಕೆ ಕೇಳಿದ್ದಕ್ಕೆ ಹೇಳಲಿಲ್ಲ.

ದಸರಾ ಹತ್ತಿರ ಬಂತು. ಸಮಿತಿಗೆ ಇದ್ದಕ್ಕಿದ್ದ ಹಾಗೆ ಒಂದು ಚಿಂತೆ ಹತ್ತಿಕೊಂಡಿತು: ಕಾರ್ಯಕ್ರಮದ ಹೆಸರಿನಲ್ಲೇ ಮೈಸೂರಿನ ಪರಂಪರೆ ಎಂದಿದೆ, ಬಡಿಯುವುದೆಲ್ಲ ಜಪಾನಿನದು. ನಮ್ಮದೂ ಒಂದು ವಾದ್ಯ ಬೇಡವೇ? ತಲೆಗೊಂದು ಮಾತಾಡಿ ಕೊನೆಗೆ ತಮಟೆ ಎಂದರು. ತಮಟೆ ಯಾರು ಹೊಡೆಯಬೇಕು ಎಂಬುದನ್ನು ಮಾತ್ರ ಯಾರೂ ಚರ್ಚಿಸಲೇ ಇಲ್ಲ. ತಂಡದಲ್ಲಿ ಅಶೋಕಪುರಂನ ಕೇರಿಯಿಂದ ಬಂದವಳು ಒಬ್ಬಳೇ ಇದ್ದಳು, ಗೌತಮಿ.

ಹೀಗೆ ಒಂದು ಬೆಳಿಗ್ಗೆ ಅನಂತಪದ್ಮನಾಭನ ಕಾರು ಪುಟ್ಟಮಾದಯ್ಯನವರ ಮನೆ ಮುಂದೆ ನಿಂತಿತು. ಕೈಯಲ್ಲಿ ದೊಡ್ಡ ತಟ್ಟೆ. ಅದರಲ್ಲಿ ಬಾಳೆಹಣ್ಣು, ವೀಳ್ಯದೆಲೆ, ಒಂದು ಶಾಲು, ನಡುವೆ ಚೆಂಡುಹೂವಿನ ಹಾರ ಹಾಕಿದ ಹೊಸ ತಮಟೆ. ಹೆಣ್ಣು ಕೇಳಲು ಬಂದವರ ಹಾಗೆ. ತಾನು ದೊಡ್ಡ ಗೌರವ ಮಾಡುತ್ತಿದ್ದೇನೆ ಎಂದು ಆ ಮನುಷ್ಯ ನಿಜಕ್ಕೂ ನಂಬಿದ್ದ. ಕೆಟ್ಟವನಾಗಿದ್ದರೆ ಎಷ್ಟೋ ವಾಸಿಯಿತ್ತು. ಕುರ್ಚಿಯ ಅಂಚಿನಲ್ಲಿ ಕೂತ. ಭಾಗ್ಯಮ್ಮ ಕಾಫಿ ತಂದರೆ, ಈಗಷ್ಟೇ ಆಯಿತು ಎಂದ. ನೀರು ತಂದರೆ, ಬಾಯಾರಿಕೆಯಿಲ್ಲ ಎಂದ. ಆಮೇಲೆ ಕರ್ಚೀಫಿನಿಂದ ಬೆವರು ಒರೆಸಿಕೊಳ್ಳುತ್ತ ಮಾತು ಶುರುಮಾಡಿದ. ತಮಟೆ ಎಂದರೆ ಆದಿನಾದವಂತೆ. ಅದು ಗೌತಮಿಯ ರಕ್ತದಲ್ಲೇ ಇದೆಯಂತೆ. ಅವಳು ತಮಟೆ ಹಿಡಿದು ಬಂದರೆ ಸಭೆಯೇ ಎದ್ದು ನಿಲ್ಲುವುದಂತೆ. ದೊಡ್ಡ ನಗಾರಿಯನ್ನು ಹೇಗೋ ಸಮರ್ಥ ಸುಧಾರಿಸಿಕೊಳ್ಳುತ್ತಾನೆ. ಗೌತಮಿ ಹುಟ್ಟಿದಂದಿನಿಂದ ತಮಟೆಯನ್ನು ಕೈಯಲ್ಲಿ ಮುಟ್ಟಿದವಳಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಅನಿಸಿಯೂ ಇರಲಿಲ್ಲ.

ಪುಟ್ಟಮಾದಯ್ಯ ತಾಳ್ಮೆಯಿಂದ ಕೇಳಿದರು. "ಅಲ್ಲ ಸ್ವಾಮಿ, ತಮಟೆ ಅಷ್ಟು ದೊಡ್ಡದಾದ್ರೆ ನಿಮ್ಮ ಹುಡುಗನೇ ಹೊಡೀಲಿ. ನಮ್ಮ ಹುಡುಗಿ ಆ ದೊಡ್ಡದ್ನ ನೋಡ್ಕೋತಾಳೆ."

ಅನಂತಪದ್ಮನಾಭ ನಕ್ಕ. ಎದುರಿನವರು ನಗಲಿಲ್ಲವೆಂದು ಕಂಡಾಗ ನಗು ನಿಲ್ಲಿಸಿದ. "ಹಾಗಲ್ಲ ಪುಟ್ಟಮಾದಯ್ಯನವರೇ, ನಮ್ಮ ಮನೆಯಲ್ಲಿ ಮಡಿ ಗಿಡಿ ಇದೆ. ಚರ್ಮದ್ದು, ರಮಾಮಣಿ ಒಪ್ಪಲ್ಲ."

"ಅದೂ ದನದ ಚರ್ಮವೇ ಅಲ್ವಾ? ನಿಮ್ಮ ಮನೆಯೋರೇ ಕುಂಕುಮ ಹಚ್ತಿದ್ರು."

"ಅದು ಬೇರೆ. ಅದು ಜಪಾನಿನದು."

ಪುಟ್ಟಮಾದಯ್ಯನವರ ನಾಲಿಗೆಯ ತುದಿಗೆ ಆಗ ಒಂದು ಮಾತು ಬಂದು ನಿಂತಿತು. ಆ ಜಪಾನಿನವಳನ್ನು ಇವನು ಹೋದ ವಾರವಷ್ಟೇ ತನ್ನ ಹಜಾರದಲ್ಲಿ ಕೂರಿಸಿ, ಅಜ್ಜನ ಪೇಟ ತೋರಿಸಿ, ಎಲೆ ಹಾಕಿ ಪಾಯಸ ಬಡಿಸಿದ್ದ. ಅದು ಪೇಪರಿನಲ್ಲಿ ಫೋಟೋ ಸಮೇತ ಬಂದಿತ್ತು. ಆಕೆಯ ಅಜ್ಜ ಯಾವ ಬೀದಿಯವನು ಎಂದು ಒಂದೇ ಒಂದು ಮಾತು ಹೇಳಿದ್ದರೆ ಸಾಕು, ಇವನು ಇಂಗು ತಿಂದ ಮಂಗನ ಹಾಗೆ ಆಗುತ್ತಿದ್ದ. ಪುಟ್ಟಮಾದಯ್ಯ ಆ ಮಾತನ್ನು ನುಂಗಿದರು. ಎದ್ದು ತಟ್ಟೆಯನ್ನು ಹಣ್ಣು, ಶಾಲು, ತಮಟೆ ಸಮೇತ ಅವನ ಕೈಗೇ ಕೊಟ್ಟು, ನಮ್ಮ ಮನೆಯಲ್ಲಿ ಇದನ್ನು ಇಡುವ ಜಾಗ ಇಲ್ಲ ಎಂದರು. ಹಾಗಿದ್ದರೆ ಗೌತಮಿಯನ್ನು ಈ ಸಲ ತಂಡದಲ್ಲಿ ಇಟ್ಟುಕೊಳ್ಳುವುದು ಕಷ್ಟವಾಗುತ್ತದೆ ಎಂದು ಅನಂತಪದ್ಮನಾಭ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿ ಕಾರು ಹತ್ತಿದ.

ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಗೌತಮಿ ಹೊರಗೆ ಬಂದಳು. ಅವಳ ಮುಖ ಕಪ್ಪಿಟ್ಟಿತ್ತು.

"ಅವ್ರಜ್ಜನ ವಿಷ್ಯ ನಿಂಗೆ ಗೊತ್ತಿತ್ತಲ್ಲಪ್ಪ. ಯಾಕ್ ಹೇಳ್ಲಿಲ್ಲ?"

"ಬುಡವ್ವ. ಅಂತಾ ಮಾತ್ನ ಅವ್ನ ಬಾಯಿಗೆ ಯಾಕ್ ಹಾಕಾನ? ಊರೆಲ್ಲ ಉಗುಳ್ಕೊಂಡ್ ತಿರುಗ್ತಾನೆ."

ಗೌತಮಿಗೆ ಇನ್ನೂ ನಂಬಿಕೆಯಿತ್ತು. ಕಜುಯೊ ಬಿಟ್ಟುಕೊಡುವುದಿಲ್ಲ ಎಂದಳು; ದೊಡ್ಡದು ಇವಳಿಗೇ ಎಂದು ಎಲ್ಲರ ಮುಂದೆ ಹೇಳಿದವಳು ಆಕೆ. ಭಾನುವಾರ ಒಬ್ಬಳೇ ಹೋದಳು, ಬೇಗ ಹಿಂದಿರುಗಿದಳು. ಕಜುಯೊ ನೆಲ ನೋಡುತ್ತ, ಸಮಿತಿಯ ತೀರ್ಮಾನ, ತನ್ನ ಕೈಯಲ್ಲಿ ಏನೂ ಇಲ್ಲ ಎಂದಳಂತೆ. ಪುಟ್ಟಮಾದಯ್ಯನವರಿಗೆ ಅನಂತಪದ್ಮನಾಭನ ಮೇಲೆ ಬಂದದ್ದು ಬರೀ ತಾತ್ಸಾರ, ಅದು ಹಳೆಯದು, ಅಭ್ಯಾಸವಾದದ್ದು. ಈಕೆಯ ಮೇಲೆ ಬಂದದ್ದು ಉರಿ. ಅವನಿಗಾದರೂ ಏನೂ ಗೊತ್ತಿಲ್ಲ. ಇವಳು ಎಲ್ಲ ಗೊತ್ತಿದ್ದೂ ನೆಲ ನೋಡಿದಳಲ್ಲ. ಆದರೂ ಕೊಟ್ಟ ಮಾತು ಕೊಟ್ಟದ್ದೇ. ಹೊರಗೆ ಯಾರ ಹತ್ತಿರವೂ ತುಟಿ ಬಿಚ್ಚಲಿಲ್ಲ.

ಕಾರ್ಯಕ್ರಮದ ಸಂಜೆ ಹೋಗುವುದು ಬೇಡವೆಂದು ಅವರು, ಹೋಗಲೇಬೇಕೆಂದು ಗೌತಮಿ. ಹೋದರು. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಗಳು, ಕಾರ್ಖಾನೆಯ ಕೋಟುಗಳು. ಇವರು ನಡುವಿನ ಸಾಲಿನ ಅಂಚಿನಲ್ಲಿ ಕೂತರು. ತಮಟೆಗೆ ಜನ ಸಿಕ್ಕಿರಲಿಲ್ಲ. ಹಾಗೆಂದು ಪರಂಪರೆಯನ್ನು ಬಿಡುವುದುಂಟೇ? ಹಾರ ಹಾಕಿದ ತಮಟೆಯನ್ನು ವೇದಿಕೆಯ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂರಿಸಿ, ತಮಟೆಯ ಸದ್ದನ್ನು ಸಿ.ಡಿ. ಹಾಕಿ ಸ್ಪೀಕರಿನಲ್ಲಿ ಬಿಟ್ಟರು. ಜನ ಆ ಸ್ಟೂಲಿಗೂ ಚಪ್ಪಾಳೆ ತಟ್ಟಿದರು. ದೊಡ್ಡ ನಗಾರಿಯ ಮುಂದೆ ಸಮರ್ಥ ಹಣೆಗೆ ಪಟ್ಟಿ ಕಟ್ಟಿಕೊಂಡು, ಕ್ಯಾಮರಾ ಯಾವ ಕಡೆಯಿದೆ ಎಂದು ಹುಡುಕುತ್ತ ನಿಂತಿದ್ದ.

ಅನಂತಪದ್ಮನಾಭ ಮಾತಾಡುವಷ್ಟು ಮಾತಾಡಿ, ಗುರುಗಳು ಎರಡು ಮಾತು ಹೇಳಬೇಕೆಂದು ಕಜುಯೊಳನ್ನು ಕರೆದ. ಓದಬೇಕಾದ ಇಂಗ್ಲಿಷ್ ಭಾಷಣವನ್ನು ಅವನೇ ಬರೆದುಕೊಟ್ಟಿದ್ದ. ಆಕೆ ಕಾಗದವನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡು ಕನ್ನಡದಲ್ಲಿ ನಮಸ್ಕಾರ ಎಂದಳು. ಸಭೆ ಹುಚ್ಚೆದ್ದು ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಲ್ಲುವ ಮೊದಲೇ ಆಕೆ ಮುಂದುವರಿಸಿದಳು.

"ನನ್ನ ದೇಶದಲ್ಲಿ ನಗಾರಿಗೆ ಚರ್ಮ ಮಾಡುವ ಜನ ಇದ್ದಾರೆ. ಅವರಿಗೆ ಬೇರೆ ಬೀದಿ. ಅವರಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ನನ್ನ ಅಜ್ಜ ಆ ಬೀದಿ. ನಾನು ಆ ಬೀದಿ. ದೊಡ್ಡ ನಗಾರಿ ಗೌತಮಿಯದು. ನಾನು ಹೆದರಿದೆ."

ಒಂದೊಂದು ವಾಕ್ಯಕ್ಕೂ ಚಪ್ಪಾಳೆ ಬಿತ್ತು. ಯಾರೂ ಏನು ಹೇಳಿದಳೆಂದು ಕೇಳಿಸಿಕೊಳ್ಳಲಿಲ್ಲ. ಕನ್ನಡದಲ್ಲಿ ಹೇಳಿದಳಲ್ಲ, ಅಷ್ಟೇ ಸಾಕಾಗಿತ್ತು. ಮುಂದಿನ ಸಾಲಿನಲ್ಲಿ ರಮಾಮಣಿ ಪಕ್ಕದವಳಿಗೆ, ಎಷ್ಟು ಮುದ್ದಾಗಿ ಮಾತಾಡುತ್ತಾಳೆ ನೋಡಿ ಎಂದಳು. ಅನಂತಪದ್ಮನಾಭ ಮೈಕು ಕಿತ್ತುಕೊಂಡು, ಇದೇ ನೋಡಿ ನಮ್ಮ ಭಾಷೆಯ ಸವಿ, ಜಪಾನಿನ ಹೆಣ್ಣುಮಗಳ ಬಾಯಲ್ಲೂ ಅದು ಜೇನಾಗುತ್ತದೆ ಎಂದ. ಕಾರ್ಖಾನೆಯ ಸಾಹೇಬರಿಗೆ ಕನ್ನಡ ಬಾರದು, ಅವರೂ ತಟ್ಟಿದರು. ಎದೆ ಬಗೆದು ಇಟ್ಟದ್ದನ್ನು ಆ ಸಭೆ ಹೀಗೆ ಬಾಚಿಕೊಂಡು ತಿಂದುಬಿಟ್ಟಿತು. ಮಾತನ್ನು ಮಾತಾಗಿ ಕೇಳಿದವರು ಇಬ್ಬರೇ, ನಡುವಿನ ಸಾಲಿನ ಅಂಚಿನಲ್ಲಿದ್ದವರು.

ಕಜುಯೊ ಒಂದು ಕ್ಷಣ ಸಭೆಯನ್ನೇ ನೋಡುತ್ತ ನಿಂತಳು. ಆಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ನಗಾರಿಯ ಕೋಲುಗಳನ್ನು ವೇದಿಕೆಯ ಮೇಲೆ ಇಟ್ಟು, ಮೆಟ್ಟಿಲಿಳಿದು, ನಡುವಿನ ಸಾಲಿಗೆ ಬಂದು ಗೌತಮಿಯ ಪಕ್ಕ ನಿಂತಳು. ಪುಟ್ಟಮಾದಯ್ಯ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟು ಪಕ್ಕದಲ್ಲಿ ಖಾಲಿಯಿದ್ದ ಒಂದಕ್ಕೆ ಸರಿದರು. ಆಕೆಯ ಮೇಲಿದ್ದ ಉರಿ ಅವರಿಗೆ ಆರಿಹೋಗಿತ್ತು. ಆಕೆ ಕೂತು ಮುಖ ಮುಚ್ಚಿಕೊಂಡಳು. ಜನ ಹಿಂತಿರುಗಿ ನೋಡಿ, ಎಷ್ಟು ಸರಳ ಹೆಂಗಸು ಎಂದು ಅದಕ್ಕೂ ತಟ್ಟಿದರು.

ವೇದಿಕೆಯ ಮೇಲೆ ಸಮರ್ಥ ಶುರುಮಾಡಿದ್ದ. ಮೂರನೇ ಸುತ್ತಿಗೇ ಲಯ ತಪ್ಪಿತು. ಉಳಿದವರು ಅವನ ಹಿಂದೆ ಓಡಿದರು, ಅವನು ಅವರ ಹಿಂದೆ. ಸಭೆಗೆ ಅದೂ ತಿಳಿಯಲಿಲ್ಲ. ಪುಟ್ಟಮಾದಯ್ಯನವರಿಗೆ 'ಥೂ' ಎನ್ನಲೂ ಬಾಯಿ ಬರಲಿಲ್ಲ. ಎದ್ದು ನಿಂತು ಮಗಳ ಭುಜ ಮುಟ್ಟಿ, ಏಳವ್ವ, ಮನೆಗೆ ಹೋಗಾನ ಎಂದರು.

ಗೌತಮಿ ಏಳಲಿಲ್ಲ. ಅವಳ ಕಣ್ಣು ಸಮರ್ಥನ ಮೇಲೇ ಇತ್ತು. ತುಟಿಯ ಒಂದು ಕೊನೆ ಮೇಲೆದ್ದಿತ್ತು.

"ಕೂತ್ಕೋಪ್ಪ," ಎಂದಳು. "ಈ ಮುಖಗಳ್ನೆಲ್ಲ ಒಂದೊಂದಾಗಿ ನೋಡ್ಕೋಬೇಕು ನಾನು. ಥೂ, ಎಂಥಾ ಜನ."

ಪುಟ್ಟಮಾದಯ್ಯ ಕೂತರು. ನಗಾರಿ ಮಗಳಿಗೆ ಸಿಗಲಿಲ್ಲವೆಂಬ ಸಂಕಟವನ್ನು ಅವರು ಹೇಗೋ ತಡೆದುಕೊಂಡಿದ್ದರು. ಬದುಕಿಡೀ ತಾನು ಉಂಡು ತೇಗಿದ ಈ ತಾತ್ಸಾರ ಇಂದು ತನ್ನ ಕೂಸಿನ ಬಾಯಿಗೂ ರುಚಿ ಹತ್ತಿತಲ್ಲ ಎಂದು ಅವರಿಗೆ ಮೊದಲ ಸಲ ಹೆದರಿಕೆಯಾಯಿತು.